ಮುಂಬೈ ಮಳೆಗಾಲದಲ್ಲಿ ಮಿನಿ ಸೈನ್ಯಕ್ಕೆ ಬಣ್ಣ: ಸ್ಪ್ರೇ ಡಬ್ಬಿ ಬಿಡಿ, ಬ್ರಷ್ ಹಿಡಿಯಿರಿ

ಮಿನಿ ಅಂದರೆ ಮೇಜಿನ ಮೇಲೆ ಆಡುವ ಯುದ್ಧದಾಟದ ಪುಟ್ಟ ಗೊಂಬೆ ಸೈನಿಕರು. ಅವರಿಗೆ ಬಣ್ಣ ಹಚ್ಚುವುದರಲ್ಲಿ, ಮೊದಲೇ ಹೇಳಿಬಿಡುತ್ತೇನೆ, ನಾನು ಬ್ರಷ್ ಪಕ್ಷದವನು. ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಕೂತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿ ನಂಬಿಕೊಂಡು ಸೈನ್ಯ ಮುಗಿಸುತ್ತೇನೆ ಅನ್ನುವವರಿಗೆ ದೊಡ್ಡ ನಮಸ್ಕಾರ. ನಾನಂತೂ ಕೈಬಿಟ್ಟೆ. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಜೊತೆಗೆ ಬಣ್ಣ, ಬೇಸ್ (ಮಿನಿ ನಿಲ್ಲುವ ಪುಟ್ಟ ತಳ) ಎರಡರಲ್ಲೂ ನಾನು ಏನೇನು ಹಾಕಿ ನೋಡಿದೆ, ಯಾವುದು ಉಳಿಯಿತು ಅನ್ನುವುದೂ ಇದೆ.

ನನ್ನದು ಟೂಂಬ್ ಕಿಂಗ್ಸ್ ಸೈನ್ಯ. ಮರಳುಗಾಡಿನ ಸತ್ತ ರಾಜರು, ಅವರ ಹಿಂದೆ ಸಾಲು ಸಾಲು ಎಲುಬುಗೂಡುಗಳು. ಆಟದ ಹೆಸರು ವಾರ್‌ಹ್ಯಾಮರ್ ಫ್ಯಾಂಟಸಿ, ಶುರುವಾದದ್ದು 1983ರಲ್ಲಿ. 2015ರಲ್ಲಿ ಅದನ್ನು ಮಾಡುವ ಕಂಪನಿ ಗೇಮ್ಸ್ ವರ್ಕ್‌ಶಾಪ್‌ನವರು ಅದನ್ನು ಬದಿಗಿಟ್ಟು ಏಜ್ ಆಫ್ ಸಿಗ್ಮಾರ್ ಅನ್ನುವ ಹೊಸ ಆಟ ತಂದರು. ಹಳೆಯ ಲೋಕ 2024ರ ಜನವರಿಯಲ್ಲಿ ದಿ ಓಲ್ಡ್ ವರ್ಲ್ಡ್ ಅನ್ನುವ ಹೆಸರಲ್ಲಿ ವಾಪಸ್ ಬಂತು, ನಾನು ಎಲುಬುಗೂಡುಗಳ ಪೆಟ್ಟಿಗೆ ತರಿಸಿದೆ. ಈ ಆಟದಲ್ಲಿ ಬೇಸ್ ಚೌಕ, ಸೈನಿಕರು ಒಬ್ಬರಿಗೊಬ್ಬರು ತಾಗಿಕೊಂಡು ಸಾಲಾಗಿ ನಿಲ್ಲುತ್ತಾರೆ. ಅಂದರೆ ಒಂದೇ ಥರದ ಮಿನಿಗಳು ಹತ್ತಾರು, ಮಧ್ಯದ ಸಾಲಿನವನ ಪಕ್ಕೆಲುಬು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೊಂದನ್ನೂ ಚಿತ್ರಕಲಾ ಪ್ರದರ್ಶನಕ್ಕೆ ಕಳಿಸುವವರಂತೆ ಬಣ್ಣ ಹಚ್ಚುತ್ತಾ ಕೂತರೆ ಮೊಮ್ಮಕ್ಕಳ ಕಾಲಕ್ಕೆ ಆಟ ಆಡಬಹುದು. ನನ್ನ ಲೆಕ್ಕ ಎಲ್ಲ ಇದರ ಮೇಲೆಯೇ ನಿಂತಿದೆ, ಅದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಸ್ಪ್ರೇ ಡಬ್ಬಿಗೆ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸೋಣ. ಡಿಸೆಂಬರ್‌ನಲ್ಲಿ ಟೆರೇಸಿಗೆ ಹೋಗಿ, ಉದ್ದನೆಯ ರಟ್ಟಿನ ಮೇಲೆ ಮಿನಿಗಳನ್ನು ನಿಲ್ಲಿಸಿ, ಆ ಕಡೆಯಿಂದ ಒಮ್ಮೆ ಈ ಕಡೆಯಿಂದ ಒಮ್ಮೆ ಬೀಸಿದರೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲಿ ಅಂತ ಮೊದಲು ಹಚ್ಚುವ ಪದರ, ಅದರ ಕೆಲಸ ಮುಗಿಯಿತು. ಕೆಳಗೆ ಬಂದು ಚಹಾ ಕುಡಿಯುವಷ್ಟರಲ್ಲಿ ಒಣಗಿರುತ್ತದೆ. ಇಷ್ಟು ಬೇಗ ಬ್ರಷ್‌ನಿಂದ ಆಗುವುದಿಲ್ಲ, ಒಪ್ಪಿದೆ.

ಗೋಳು ಇರುವುದು ಮಳೆಗಾಲದಲ್ಲಿ, ಅದರಲ್ಲೂ ಮ್ಯಾಟ್ ವಾರ್ನಿಷ್ ಡಬ್ಬಿಯಲ್ಲಿ. ಮಿನಿಯನ್ನು ಕೈಯಲ್ಲಿ ಎತ್ತಿ ಎತ್ತಿ ಇಡುವಾಗ ಬಣ್ಣ ಸವೆಯದಿರಲಿ, ಹೊಳಪೂ ಹೋಗಲಿ ಅಂತ ಕೊನೆಗೆ ಹೊಡೆಯುವುದು ಇದು. ನಾನು ತರಿಸಿದ್ದು ಹೊರದೇಶದ ಡಬ್ಬಿ, ಹೆಸರು ಬೇಡ. ಒಳಗೆ ಒತ್ತಡದ ಗ್ಯಾಸ್, ಬೆಂಕಿ ಹತ್ತುವಂಥದ್ದು, ಹಾಗಾಗಿ ಇಂಥ ಡಬ್ಬಿಗಳನ್ನು ವಿಮಾನದಲ್ಲಿ ಸುಲಭಕ್ಕೆ ಕಳಿಸಲು ಬಿಡುವುದಿಲ್ಲ. ರಸ್ತೆ ದಾರಿಯಲ್ಲಿ ನಿಧಾನಕ್ಕೆ ಬರುತ್ತವೆ, ಬರುವಷ್ಟರಲ್ಲಿ ಬೆಲೆಯೂ ಏರಿರುತ್ತದೆ. ನನ್ನದು ಕೈಸೇರುವಾಗ ಮಳೆ ಹಿಡಿದಿತ್ತು. ಸೊಸೈಟಿಯವರು ಟೆರೇಸಿಗೆ ಬೀಗ ಹಾಕಿದ್ದರು. ಉಳಿದದ್ದು ಬಾಲ್ಕನಿ.

ಮಳೆ ಬಿಟ್ಟು ಒಳ್ಳೆ ಬಿಸಿಲು ಬಂದ ಮಧ್ಯಾಹ್ನ ನೋಡಿಕೊಂಡೇ ಹೊರಟೆ. ಡಬ್ಬಿಯನ್ನು ಚೆನ್ನಾಗಿ ಕುಲುಕಿ, ಒಂದಡಿ ದೂರ ಹಿಡಿದು, ತೆಳುವಾಗಿ ಬೀಸಿದೆ. ಡಬ್ಬಿಯ ಮೇಲೆ ಹೇಗೆ ಮಾಡಿ ಅಂತ ಬರೆದಿತ್ತೋ ಹಾಗೆಯೇ. ಪಕ್ಕದ ಮನೆಯ ಕಾರ್ಕಳದ ಆಂಟಿ ತಂತಿ ಮೇಲಿನ ಬಟ್ಟೆ ಎಳೆದುಕೊಳ್ಳುತ್ತಾ, "ಎಂತ ಮಾರಾಯಾ, ಪೆಟ್ರೋಲ್ ಚೆಲ್ಲಿದ್ಯಾ?" ಅಂದರು. ಅವರಿಗೆ ಸಮಾಧಾನ ಹೇಳಿ ತಿರುಗಿ ನೋಡಿದರೆ ನೀಲಿ ಗುರಾಣಿಗಳೆಲ್ಲ ಮಂಕಾಗಿವೆ. ಇನ್ನೂ ಸ್ವಲ್ಪ ಹೊತ್ತಿಗೆ ಇಡೀ ತುಕಡಿಯ ಮೇಲೆ ಯಾರೋ ವಿಭೂತಿ ಉದುರಿಸಿದಂತೆ ಬಿಳಿ. ಮೂಳೆಯ ಮೇಲೆ ಅಷ್ಟೇನೂ ಕಾಣುತ್ತಿರಲಿಲ್ಲ, ಆದರೆ ನೀಲಿ, ಕಪ್ಪು, ಕಂಚಿನ ಬಣ್ಣ ಎಲ್ಲ ಸತ್ತುಹೋಗಿತ್ತು. ರಾತ್ರಿಗಳನ್ನು ಸುರಿದು ಮಾಡಿದ ಗುರಾಣಿಗಳು ಮಾರಾಯ್ರೆ.

ಆಗುವುದು ಇಷ್ಟೇ. ಡಬ್ಬಿಯಿಂದ ಹೊರಬಂದ ದ್ರಾವಕ ಬೇಗ ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಮಿನಿಯ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಂಪಿಗೆ ಹನಿಗಟ್ಟಿ, ಒಣಗುತ್ತಿರುವ ವಾರ್ನಿಷ್‌ನಲ್ಲಿ ಸಿಕ್ಕಿಬೀಳುತ್ತದೆ. ಮೇಲ್ಮೈ ಕಣ್ಣಿಗೆ ಕಾಣದಷ್ಟು ಸಣ್ಣಗೆ ಒರಟಾಗುತ್ತದೆ, ಬೆಳಕು ಚದುರುತ್ತದೆ, ನಮಗೆ ಬಿಳಿ ಕಾಣುತ್ತದೆ. ಬಿಸಿಲು ಇದ್ದರೂ ತೇವ ತೇವವೇ. ಅಂಗಡಿಗೆ ಫೋನ್ ಮಾಡಿದರೆ "ಹ್ಯುಮಿಡಿಟಿ ಜಾಸ್ತಿ ಇರುವಾಗ ಹೊಡೀಬಾರದು ಸರ್" ಅಂದರು. ಸರಿ. ಮುಂಬೈಯಲ್ಲಿ ಜುಲೈ ತಿಂಗಳಲ್ಲಿ ಹ್ಯುಮಿಡಿಟಿ ಜಾಸ್ತಿ ಇಲ್ಲದ ದಿನ ಯಾವುದು ಅಂತ ಅವರೇ ಹೇಳಲಿ!

ಸರಿಮಾಡುವ ದಾರಿ ಇದೆ, ಪೂರ್ತಿ ಅಲ್ಲ. ಗ್ಲಾಸ್ ವಾರ್ನಿಷ್, ಅಂದರೆ ಹೊಳೆಯುವಂಥದ್ದು, ಬಾಟಲಿಯದ್ದು, ಅದನ್ನು ಬ್ರಷ್‌ನಿಂದ ತೆಳುವಾಗಿ ಎಳೆದರೆ ಆ ಒರಟು ಸಂದಿಗಳು ತುಂಬಿಕೊಳ್ಳುತ್ತವೆ. ಬ್ರಷ್ ತಾಗಿದ ಕಡೆಯೆಲ್ಲ ನೀಲಿ ಮತ್ತೆ ಎದ್ದು ಬಂತು. ನೋಡುವುದಕ್ಕೇ ಖುಷಿ. ಆದರೆ ಕಣ್ಣುಗುಳಿ, ಪಕ್ಕೆಲುಬಿನ ಸಂದಿ, ಗುರಾಣಿ ಹಿಡಿದ ಬೆರಳಿನ ಹಿಂದೆ ಬ್ರಷ್ ಹೋಗುವುದಿಲ್ಲ, ಅಲ್ಲಿ ಬಿಳಿ ಉಳಿದೇ ಉಳಿಯಿತು. ಆಮೇಲೆ ಹೊಳಪು ಕಳೆಯಲು ಮೇಲಿಂದ ಮ್ಯಾಟ್, ಅದೂ ಬ್ರಷ್‌ನಿಂದಲೇ. ಅಷ್ಟು ಮಾಡುವಾಗ ಅನ್ನಿಸಿತು, ಇಷ್ಟು ಬ್ರಷ್ ಕೆಲಸ ಮಾಡುವುದಿದ್ದರೆ ಡಬ್ಬಿಗೆ ಯಾಕೆ ದುಡ್ಡು ಸುರಿಯಬೇಕಿತ್ತು? ಈಗ ನನ್ನಲ್ಲಿ ವಾರ್ನಿಷ್ ಅಂದರೆ ಬಾಟಲಿಯ ಮ್ಯಾಟ್ ಮಾತ್ರ. ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು, ದಪ್ಪ ಹಚ್ಚಬಾರದು, ಮುಗಿಯಿತು.

ಗಾಳಿಯ ಒತ್ತಡದಿಂದ ಬಣ್ಣ ಎರಚುವ ಏರ್‌ಬ್ರಷ್ ಒಬ್ಬ ಗೆಳೆಯನ ಮನೆಯಲ್ಲಿ ಹಿಡಿದು ನೋಡಿದೆ. ಕೆಲಸ ಬೆಣ್ಣೆ. ಕಂಪ್ರೆಸರ್ ಸದ್ದು, ಪ್ರತಿ ಸಲ ಬಿಚ್ಚಿ ತೊಳೆಯುವುದು, ಮಳೆಗಾಲದಲ್ಲಿ ನೀರು ಹಿಡಿಯುವ ಬಟ್ಟಲು ತುಂಬಿ ತುಂಬಿ ಖಾಲಿ ಮಾಡುವುದು, ಇದೆಲ್ಲ ರಾತ್ರಿ ಹತ್ತರ ಮೇಲೆ ಊಟದ ಮೇಜಿನಲ್ಲಿ ಬಣ್ಣ ಹಚ್ಚುವವನಿಗಲ್ಲ.

ಬ್ರಷ್‌ನಿಂದ ಹಚ್ಚುವ ಪ್ರೈಮರ್‌ಗೆ ಬಂದೆ. ವ್ಯಾಲೆಹೊ ಅನ್ನುವ ಸ್ಪೇನ್ ಕಂಪನಿಯ ಸರ್ಫೇಸ್ ಪ್ರೈಮರ್, ಬೂದು ಬಣ್ಣದ್ದು. ನೀರಿನ ಬಣ್ಣವೇ, ಆದರೆ ಪಾಲಿಯುರೆಥೇನ್ ಸೇರಿರುವುದರಿಂದ ಒಣಗಿದ ಮೇಲೆ ತೆಳುವಾದ ಚರ್ಮದಂತೆ ಹಿಡಿದುಕೊಳ್ಳುತ್ತದೆ. ವಾಸನೆ ಇಲ್ಲ, ಬಾಲ್ಕನಿಗೆ ಹೋಗಬೇಕಿಲ್ಲ, ಕಾರ್ಕಳದ ಆಂಟಿಗೆ ಉತ್ತರ ಕೊಡಬೇಕಿಲ್ಲ. ಬ್ರಷ್ ಜೋರಾಗಿ ಆಡಿಸಿದರೆ ಸಣ್ಣ ಗುಳ್ಳೆ ಏಳುತ್ತವೆ, ಒಮ್ಮೆ ಎಳೆದು ಸುಮ್ನೆ ಬಿಟ್ಟುಬಿಡಬೇಕು. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಒಳ್ಳೆಯದು. ಆಮೇಲೆ ಒಂದು ಇಡೀ ದಿನ ಮುಟ್ಟಬೇಡಿ. ಮುಟ್ಟಿ ಒಣಗಿದೆ ಅನ್ನಿಸಿದರೂ ಗಟ್ಟಿಯಾಗಿರುವುದಿಲ್ಲ, ಉಗುರು ತಾಗಿದರೆ ಸಿಪ್ಪೆ ಎದ್ದುಬರುತ್ತದೆ. ಉಪ್ಪುಕಾಗದ ಹಾಕಿ ಉಜ್ಜುವ ಯೋಚನೆಯಂತೂ ಬೇಡ. ಅದಕ್ಕೂ ಮೊದಲು ಮಿನಿಗಳನ್ನು ಸೋಪ್ ನೀರಲ್ಲಿ ಹಳೆ ಟೂತ್‌ಬ್ರಷ್ ಹಾಕಿ ತೊಳೆದಿರಬೇಕು, ಕೈ ಜಿಡ್ಡಿದ್ದರೆ ಹಿಡಿಯುವುದಿಲ್ಲ. ನಿಧಾನ ಹೌದು. ಆದರೆ ಕ್ರಿಕೆಟ್ ನೋಡುತ್ತಾ ಮಾಡಬಹುದಾದ ನಿಧಾನ.

ಬಣ್ಣದ ಮಾತಿಗೆ ಬಂದರೆ ಎರಡು ಪಂಥ. ಹಳೆಯದು: ತಳಬಣ್ಣ, ಮೇಲೆ ನೀರಾದ ಗಾಢ ವಾಶ್, ಮತ್ತೆ ತಿಳಿಬಣ್ಣದ ಪದರ, ಕೊನೆಗೆ ಅಂಚುಗಳಿಗೆ ಕೂದಲೆಳೆಯಷ್ಟು ಬಿಳಿ. ಹೊಸದು: ಒಂದೇ ಬಳಿತ. 2019ರಲ್ಲಿ ಗೇಮ್ಸ್ ವರ್ಕ್‌ಶಾಪ್ ತಂದ ಸಿಟಡೆಲ್ ಕಾಂಟ್ರಾಸ್ಟ್ ಇದನ್ನು ಮನೆಮಾತು ಮಾಡಿತು. ತಿಳಿ ಪ್ರೈಮರ್ ಮೇಲೆ ಹಚ್ಚಿದರೆ ಬಣ್ಣ ತಗ್ಗಿಗೆ ಇಳಿದು ಗಾಢವಾಗುತ್ತದೆ, ಉಬ್ಬಿನ ಮೇಲೆ ತೆಳುವಾಗಿ ನಿಲ್ಲುತ್ತದೆ, ನೆರಳು ಬೆಳಕು ತಾನಾಗಿ ಬರುತ್ತದೆ. ಆರ್ಮಿ ಪೇಂಟರ್ ಅನ್ನುವ ಬಣ್ಣದ ಕಂಪನಿಯವರ ಸ್ಪೀಡ್‌ಪೇಂಟ್ ಕೂಡ ಇದೇ ಜಾತಿ. ಅದರ ಮೊದಲ ಬಗೆ ಒಣಗಿದ ಮೇಲೂ ಒದ್ದೆ ಬ್ರಷ್ ತಾಗಿದರೆ ಮತ್ತೆ ಕರಗುತ್ತಿತ್ತು, 2023ರಲ್ಲಿ 2.0 ಬಂದ ಮೇಲೆ ಆ ತಕರಾರು ಹೋಯಿತು. ಸೆಕೆಂಡ್ ಹ್ಯಾಂಡ್ ಬಾಟಲಿ ಕೊಳ್ಳುವವರು ಲೇಬಲ್ ನೋಡಿಕೊಳ್ಳಿ.

ಎಲುಬುಗೂಡಿಗೆ ಕಾಂಟ್ರಾಸ್ಟ್ ಎದುರು ಬೇರೆ ಏನೂ ನಿಲ್ಲುವುದಿಲ್ಲ, ಇದರಲ್ಲಿ ವಾದವೇ ಬೇಡ. ನಾನು ಮಾಡುವುದು ಹೀಗೆ. ಬೂದು ಪ್ರೈಮರ್ ಒಣಗಿದ ಮೇಲೆ ದಂತದ ಬಣ್ಣ ತೆಗೆದುಕೊಂಡು, ಬ್ರಷ್‌ನಲ್ಲಿರುವುದನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಒಣ ಬಣ್ಣವನ್ನು ಮೂಳೆಯ ಮೇಲೆ ಆಚೀಚೆ ಸವರುತ್ತೇನೆ. ಉಬ್ಬುಗಳೆಲ್ಲ ಬೆಳ್ಳಗಾಗುತ್ತವೆ. ಮೇಲೆ ಸ್ಕೆಲಿಟನ್ ಹೋರ್ಡ್ ಅನ್ನುವ ಕಾಂಟ್ರಾಸ್ಟ್ ಒಂದು ಸಲ. ತಲೆಬುರುಡೆಯ ಹಲ್ಲುಗಳ ನಡುವೆ ಕಂದು ಗೆರೆ ಇಳಿಯುವುದನ್ನು ನೋಡುತ್ತಾ ಕೂರಬಹುದು. ಇಲ್ಲಿ ಮಾತ್ರ ನಮ್ಮ ಮಳೆಗಾಲ ಸಹಾಯಕ್ಕೆ ಬರುತ್ತದೆ. ಬಣ್ಣ ನಿಧಾನ ಒಣಗುವುದರಿಂದ ಎಲ್ಲಾದರೂ ಕೊಳದಂತೆ ನಿಂತರೆ ಒರೆಸಿದ ಬ್ರಷ್ ತುದಿ ತಾಗಿಸಿ ಹೀರಿಕೊಳ್ಳಲು ಬೇಕಾದಷ್ಟು ಸಮಯ. ಏಪ್ರಿಲ್‌ನಲ್ಲಿ ಫ್ಯಾನ್ ಕೆಳಗೆ ಕೂತರೆ ಅಷ್ಟರಲ್ಲಿ ಅಂಚುಗಟ್ಟಿ ಕಲೆಯಾಗಿರುತ್ತದೆ. ಗುರಾಣಿಯಂಥ ಚಪ್ಪಟೆ ಜಾಗಕ್ಕೆ ಕಾಂಟ್ರಾಸ್ಟ್ ಬೇಡ, ಮೋಡ ಮೋಡವಾಗಿ ಕೂರುತ್ತದೆ. ಅಲ್ಲಿ ಹಳೇ ವಿಧಾನವೇ. ರಾಜ, ಪುರೋಹಿತ, ರಥ ಓಡಿಸುವವನಿಗೂ ಹಳೆಯದೇ, ಅವರನ್ನು ಎಲ್ಲರೂ ಎತ್ತಿ ನೋಡುತ್ತಾರೆ.

ಬೆಲೆ ಮಾತ್ರ ಕಹಿ. 18 ಮಿಲಿಲೀಟರ್‌ನ ಒಂದು ಬಾಟಲಿ ಇಲ್ಲಿಗೆ ಬಂದು ಬೀಳುವ ದುಡ್ಡಲ್ಲಿ ಮಾಟುಂಗದಲ್ಲಿ ಇಬ್ಬರು ಹೊಟ್ಟೆ ಬಿರಿಯ ಊಟ ಮಾಡಿ ಫಿಲ್ಟರ್ ಕಾಫಿ ಕುಡಿದು ಬರಬಹುದು. ಹಾಗಾಗಿ ಮೂಳೆಯ ಬಣ್ಣ ಒಂದು, ತೊಗಲಿನ ಕಂದು ಒಂದು, ಇಷ್ಟೇ ಇಟ್ಟುಕೊಂಡಿದ್ದೇನೆ.

ಬೇಸಿಗೆ ರೆಡಿಮೇಡ್ ಟೆಕ್ಸ್ಚರ್ ಪೇಸ್ಟ್ ಸಿಗುತ್ತದೆ, ಮರಳು ಕಲಸಿದ ಬಣ್ಣ, ಚಮಚದಲ್ಲಿ ಬಳಿದರೆ ಆಯಿತು. ಒಣಗಿದಾಗ ಬಿರುಕು ಬಿಡುವಂಥದ್ದೂ ಇದೆ, ಒಣ ಕೆರೆಯ ತಳದ ಹಾಗೆ ಚಂದ. ಇಡೀ ಸೈನ್ಯಕ್ಕೆ ಹಚ್ಚಲು ಹೋದರೆ ಪುಟ್ಟ ಡಬ್ಬಿ ಕಣ್ಣ ಮುಂದೆಯೇ ಖಾಲಿ. ನನ್ನ ಓಟು ಫೆವಿಕಾಲ್ ಮತ್ತು ಮರಳಿಗೆ. ಪಕ್ಕದಲ್ಲಿ ಬಿಲ್ಡಿಂಗ್ ಕೆಲಸ ನಡೆಯುತ್ತಿತ್ತು, ಕೇಳಿ ಒಂದು ಹಿಡಿ ತಂದು, ತೊಳೆದು, ಬಾಣಲೆಯಲ್ಲಿ ಬಿಸಿಮಾಡಿ ಒಣಗಿಸಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದೆ. ಊರಿಂದ ಬಂದಿದ್ದ ಅಮ್ಮ ಜಾಲರಿ ಹುಡುಕುತ್ತಿದ್ದರು, ಆ ಕಥೆ ಬೇಡ. ಸಮುದ್ರದ ಮರಳು ತರುವವರು ಸಿಹಿನೀರಲ್ಲಿ ಮೂರ್ನಾಲ್ಕು ಸಲ ತೊಳೆಯಿರಿ. ಉಪ್ಪು ಉಳಿದರೆ ಗಾಳಿಯ ತೇವ ಎಳೆದುಕೊಂಡು ಬೇಸ್ ಯಾವಾಗಲೂ ಪಸೆಪಸೆ. ಸಾಮಾನ್ಯ ಬಿಳಿ ಅಂಟು ನೀರಿಗೆ ಮೆತ್ತಗಾಗುವಂಥದ್ದು, ಆದ್ದರಿಂದ ಮರಳು ಅಂಟಿದ ಮೇಲೆ ಅದೇ ಅಂಟನ್ನು ನೀರು ಮಾಡಿ ಒಮ್ಮೆ ಮೇಲಿಂದ ಹಾಯಿಸಿ, ಬಣ್ಣ ಹಚ್ಚಿ, ವಾರ್ನಿಷ್ ಕೊಡಬೇಕು. ಆಗ ಉದುರುವುದಿಲ್ಲ.

ಚೌಕ ಬೇಸಿನಲ್ಲಿ ಒಂದು ಎಚ್ಚರ. ಎಲುಬುಗೂಡಿನ ಬೇಸ್ 25 ಮಿಲಿಮೀಟರ್, ಐವರ ಸಾಲು ಅಂದರೆ 125. ಅಂಚಿಗೆ ಎರಡು ಮರಳಿನ ಕಣ ಅಂಟಿದರೂ ಪಕ್ಕದವನ ಬೇಸ್ ಕೂರುವುದಿಲ್ಲ, ತುಕಡಿಯನ್ನು ಒಟ್ಟಿಗೆ ಸರಿಸಲು ಇಡುವ ಟ್ರೇಯಿಂದ ಇಡೀ ಸಾಲು ಹೊರಗೆ. ಅಂಟು ಹಸಿ ಇರುವಾಗಲೇ ನಾಲ್ಕೂ ಬದಿಗೆ ಬೆರಳು ಎಳೆದುಬಿಡಿ. ಒಣಹುಲ್ಲಿಗೆ ತೆಂಗಿನ ನಾರು ಸಾಕು. ಹಳೆ ಕಾಲೊರಸಿನಿಂದ ಒಂದು ಎಸಳು ಕಿತ್ತು, ಕತ್ತರಿಸಿ, ಬುಡಕ್ಕೆ ಅಂಟು ಹಚ್ಚಿ ನೆಟ್ಟರೆ ಮರಳುಗಾಡಿನ ಹುಲ್ಲೇ. ಅಂಗಡಿಯ ಹುಲ್ಲಿನ ಗೊಂಚಲು ಹಸಿರು ನೆಲದ ಸೈನ್ಯದವರಿಗೆ ಸರಿ, ನನಗಲ್ಲ.

ಇದೆಲ್ಲ ನನ್ನ ಮನೆ, ನನ್ನ ಹವೆ, ನನ್ನ ಜೇಬಿನ ಲೆಕ್ಕ. ಪುಣೆಯಲ್ಲಿದ್ದರೆ ಸ್ಪ್ರೇ ಬಗ್ಗೆ ಬರೆದದ್ದನ್ನು ಅರ್ಧ ಮಾತ್ರ ನಂಬಿ. ಅಲ್ಲಿ ಮಳೆ ಮುಗಿದ ಮೇಲೆ ಗಾಳಿ ಒಣಗುತ್ತದೆ, ಟೆರೇಸ್ ಇದ್ದರೆ ಪ್ರೈಮರ್ ಡಬ್ಬಿ ಧಾರಾಳವಾಗಿ ಬಳಸಬಹುದು. ಒಂದೆರಡು ಮಿನಿ ಮಾತ್ರ ಮಾಡಿ ಕಪಾಟಿನಲ್ಲಿಡುವವರಿಗೆ ಕಾಂಟ್ರಾಸ್ಟ್ ಬೇಕಿಲ್ಲ, ಪದರ ಪದರವಾಗಿ ಕಲಿಯುವುದರಲ್ಲೇ ಮಜಾ ಜಾಸ್ತಿ. ಮುಂಬೈಯಲ್ಲಿದ್ದು, ರಾತ್ರಿ ಮಾತ್ರ ಬಿಡುವು ಸಿಗುವವರು, ಇಡೀ ಸೈನ್ಯ ಮೇಜಿನ ಮೇಲೆ ಇಳಿಸಬೇಕು ಅನ್ನುವವರು ಮೊದಲು ಬೂದು ಪ್ರೈಮರ್ ಬಾಟಲಿ ಕೊಳ್ಳಿ, ಆಮೇಲೆ ಒಂದು ಕಾಂಟ್ರಾಸ್ಟ್, ಆಮೇಲೆ ಮ್ಯಾಟ್ ವಾರ್ನಿಷ್. ದುಡ್ಡು ಉಳಿದರೆ ತುದಿ ಚೂಪಾಗಿ ನಿಲ್ಲುವ ಒಂದು ಒಳ್ಳೆ ಬ್ರಷ್. ಒಣ ಬಣ್ಣ ಸವರಲು ಅದನ್ನು ಬಳಸಬೇಡಿ, ಅದಕ್ಕೆ ಮನೆಯಲ್ಲಿರುವ ಹಳೆ ಮೇಕಪ್ ಬ್ರಷ್ ಸಾಕು. ಕೇಳಿ ತೆಗೆದುಕೊಳ್ಳಿ.