ಕಿವಿಗೆ ಒಗ್ಗಿದ ಎರಡು ಲೋಕಗಳು

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಿನವೂ ಸುಮಾರು 60 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿಬರುವ ನಾನು, ಎರಡು ವರ್ಷಗಳಿಂದ ವೈಜ್ಞಾನಿಕ ಮತ್ತು ಅದ್ಭುತ ಕಾದಂಬರಿಗಳನ್ನು ಹೆಚ್ಚಾಗಿ ಆಡಿಯೋಬುಕ್ ರೂಪದಲ್ಲೇ ಕೇಳುತ್ತಿದ್ದೇನೆ. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ರೇ ಪೋರ್ಟರ್ ಓದಿರುವ, 2021ರಲ್ಲಿ ಬಂದ ‘ಪ್ರಾಜೆಕ್ಟ್ ಹೇಲ್ ಮೇರಿ’. ಈ ಕಥೆಯ ಅನ್ಯಲೋಕದ ಜೀವಿ ಸ್ವರಗಳ ಮೂಲಕ ಮಾತನಾಡುತ್ತದೆ. ಮುದ್ರಿತ ಪುಟದಲ್ಲಿ ಸಂಗೀತದ ಚಿಹ್ನೆಗಳಾಗಿಯಷ್ಟೇ ಉಳಿಯುವ ಆ ಮಾತು ಇಲ್ಲಿ ನಿಜವಾದ ನಾದವಾಗಿ ಕೇಳಿಸುವುದರಿಂದ, ಆ ಜೀವಿಯ ಮೇಲೆ ಹುಟ್ಟುವ ಅಕ್ಕರೆ ಓದಿನಲ್ಲಿ ಸಿಕ್ಕುವುದಕ್ಕಿಂತ ಗಾಢವಾದದ್ದು. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿಯಂತ್ರಗಳು ಕಾಣಿಸಿದ ಮೇಲೂ ಇನ್ನೊಂದು ಅಧ್ಯಾಯ ಮುಗಿಯಲೆಂದು ನಾನು ಹಾರೈಸಿದ್ದುಂಟು.

ಟೋಲ್ಕಿನ್ ಅವರ ಅದ್ಭುತ ಕಾದಂಬರಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯನ್ನು ಅದೇ ವರ್ಷ ಆಂಡಿ ಸರ್ಕಿಸ್ ಓದಿದ್ದಾರೆ. ಇದರ ಚಲನಚಿತ್ರದಲ್ಲಿ ಉಂಗುರದ ಮೋಹಕ್ಕೆ ಬಿದ್ದ ಜೀವಿ ಗೊಲ್ಲಮ್‌ನ ಪಾತ್ರ ಮಾಡಿದವರೇ ಓದುವಾಗ ಆ ಪಾತ್ರ ಮೈ ನಡುಗಿಸುವುದು ಸಹಜ. ಆದರೆ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಹಾಡುಗಳು. ಓದುವಾಗ ದಾಟಿಹೋಗುತ್ತಿದ್ದ ಪದ್ಯಗಳನ್ನು ಅವರು ಹಾಡಿಯೇ ಕೇಳಿಸುತ್ತಾರೆ. ಮುದ್ರಿತ ಪುಸ್ತಕದಲ್ಲಿರುವ, ಆ ಕಲ್ಪಿತ ಲೋಕದ ನಕ್ಷೆಯನ್ನು ತಿರುವಿ ನೋಡಲಾಗದಿರುವುದೊಂದೇ ಕೊರತೆ.

ಕನ್ನಡದಲ್ಲಿ ಒಂದು ಆ್ಯಪ್‌ನಲ್ಲಿ ಕೇಳಿದ ಅದ್ಭುತಕಥೆ ಮಾತ್ರ ನಿರಾಸೆ ತಂದಿತು. ರಾಜನಿಗೂ ರಾಕ್ಷಸನಿಗೂ ಒಂದೇ ದನಿ, ಯುದ್ಧಕ್ಕೂ ವಿದಾಯಕ್ಕೂ ಒಂದೇ ವೇಗ. ಗಮಕಿಗಳ ಕಂಠದಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದ ನಾಡಿಗೆ ಇದಕ್ಕಿಂತ ಉತ್ತಮವಾದ ವಾಚನ ಖಂಡಿತ ಸಾಧ್ಯವಿದೆ.