ಕಾದಂಬರಿಗೆ ಯಾವ ಜೋಡಿ: ಹ್ಯಾಲಿಫ್ಯಾಕ್ಸ್‌ನದೋ, ಲ್ಯಾಂಗೋಲೆನ್‌ನದೋ?

ಇಬ್ಬರು ಹೆಣ್ಣುಮಕ್ಕಳ ಗುಟ್ಟಿನ ಪ್ರೀತಿಯ ಬಗ್ಗೆ ಐತಿಹಾಸಿಕ ಕಾದಂಬರಿ ಬರೆಯಲು ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ಆನ್ ಲಿಸ್ಟರ್–ಆನ್ ವಾಕರ್ ಸರಿಯೋ, ವೇಲ್ಸ್‌ನ ಲ್ಯಾಂಗೋಲೆನ್‌ನಲ್ಲಿ ನೆಲೆಸಿದ ಎಲೀನರ್ ಬಟ್ಲರ್–ಸಾರಾ ಪಾನ್ಸನ್‌ಬಿ ಸರಿಯೋ ಎಂದು ಕೇಳಿದ್ದೀರಿ.

ಆಕರದ ಮಾತಿಗೆ ಬಂದರೆ ಲಿಸ್ಟರ್‌ಗೆ ಸಾಟಿಯಿಲ್ಲ. ಸುಮಾರು 50 ಲಕ್ಷ ಪದಗಳ ದಿನಚರಿ. ಅದರ ಆರನೇ ಒಂದು ಪಾಲು ಗ್ರೀಕ್ ಅಕ್ಷರ, ಬೀಜಗಣಿತದ ಚಿಹ್ನೆ ಬೆರೆಸಿದ ಸಂಕೇತಲಿಪಿಯಲ್ಲಿದೆ. ಪ್ರೀತಿಯೆಲ್ಲ ಅಡಗಿರುವುದು ಅಲ್ಲೇ. 1834ರ ಈಸ್ಟರ್‌ನಂದು ಇಬ್ಬರೂ ಯಾರ್ಕ್‌ನ ಚರ್ಚೊಂದರಲ್ಲಿ ಜೊತೆಯಾಗಿ ಪರಮಪ್ರಸಾದ ಸ್ವೀಕರಿಸಿದರು. ನೋಡಿದವರಿಗೆ ಮಾಮೂಲಿ ಆರಾಧನೆ, ಅವರಿಬ್ಬರಿಗೆ ಮದುವೆ! ಇಂಥ ದೃಶ್ಯವನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಆದರೆ ಆ ದಿನಚರಿ ಓದಲು ವರ್ಷಗಳೇ ಬೇಕು, ಸ್ವಂತ ಕಲ್ಪನೆಗೆ ಜಾಗವೂ ಕಡಿಮೆ.

ಓಟ, ರೋಚಕತೆ ಬೇಕಿದ್ದರೆ ಐರ್ಲೆಂಡಿನಿಂದ ಬಂದ ಬಟ್ಲರ್–ಪಾನ್ಸನ್‌ಬಿ ಜೋಡಿ. 1778ರಲ್ಲಿ ಗಂಡಸರ ವೇಷ ತೊಟ್ಟು, ಪಿಸ್ತೂಲು, ನಾಯಿಮರಿ ಹಿಡಿದು ಮನೆಬಿಟ್ಟರು, ಸಿಕ್ಕಿಬಿದ್ದರು. ಹಟ ಬಿಡದೆ ಕೊನೆಗೆ ವೇಲ್ಸ್ ಸೇರಿ ಸುಮಾರು 50 ವರ್ಷ ಒಟ್ಟಿಗೆ ಬಾಳಿದರು. ಕವಿ ವರ್ಡ್ಸ್‌ವರ್ತ್‌ನಂಥವರೇ ಮನೆಗೆ ಬರುತ್ತಿದ್ದರು. ಹಾಗಾಗಿ ಬಾಳು ಬಯಲಲ್ಲಿ, ಒಳಗಿನ ಮಾತು ಮಾತ್ರ ಮೌನ. ಆ ಮೌನ ತುಂಬುವ ಧೈರ್ಯವಿದ್ದವರಿಗೆ ಇದೇ ಹೊಂದುತ್ತದೆ.

ಆಸ್ತಿ, ಕುಟುಂಬ, ಊರಿನ ಕಣ್ಣು ಇವುಗಳ ಬಿಗಿಯಲ್ಲಿ ಕಥೆ ಕಟ್ಟುವುದಾದರೆ ಹ್ಯಾಲಿಫ್ಯಾಕ್ಸ್ ಹಿಡಿಯಿರಿ. ಸಣ್ಣಕಥೆ ಸಾಕೆನ್ನುವವರಿಗೆ 1822 ಇದೆ: ಆ ವರ್ಷ ಲಿಸ್ಟರ್ ಲ್ಯಾಂಗೋಲೆನ್‌ಗೆ ಹೋಗಿ ಪಾನ್ಸನ್‌ಬಿಯನ್ನು ಕಂಡಿದ್ದರು.