ಲೂಜ್ ಮೇಲೋ, ಬಾಬ್ ಮೇಲೋ? ಚಾರ್ಮಾಡಿ ತಿರುವು ಕಂಡವರಿಗೆ ಒಂದು ಹೋಲಿಕೆ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ನಿಂಬೆಹಣ್ಣು ಮೂಸುತ್ತಾ ಕೂರುವವರು ನಮ್ಮ ಜಿಲ್ಲೆಯಲ್ಲಿ ಕಮ್ಮಿಯಿಲ್ಲ. ಅಂಥವರು, ದುಡ್ಡು ಕೊಟ್ಟು ಲೂಜ್ (ಅಂಗಾತ ಮಲಗಿ ಇಳಿಯುವ ಜಾರುಬಂಡಿ) ಇಲ್ಲವೇ ಬಾಬ್ (ಸಾಲಾಗಿ ಕೂತು ಇಳಿಯುವ ದೊಡ್ಡ ಜಾರುಬಂಡಿ) ಏರುವ ಐಸ್ ಹಾದಿಯಲ್ಲಿ ಗಂಟೆಗೆ 120 ಕಿ.ಮೀ. ವೇಗ ತಾಳುತ್ತಾರೆಯೇ? ಬಹುಪಾಲು ತಾಳುತ್ತಾರೆ. ಹೊಟ್ಟೆ ತೊಳಸುವುದು ವೇಗಕ್ಕಲ್ಲ, ತೂಗಾಟಕ್ಕೆ. ಐದು ಸೆಕೆಂಡಿಗೊಮ್ಮೆ ಎಂಬಂತೆ ಅತ್ತಿತ್ತ ವಾಲುವ ಬಸ್ಸಿನಲ್ಲಿ ಅರ್ಧ ಗಂಟೆ ಕೂತರೆ ಒಳಕಿವಿ ಸೋಲುತ್ತದೆ. ಐಸ್ ಮೇಲಿನ ಇಳಿತ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ, ವಾಂತಿಗೆ ಪುರಸೊತ್ತಿಲ್ಲ. ದಿಕ್ಕು ತಪ್ಪುವುದು ಮಾತ್ರ ಖಂಡಿತ, ಆದರೆ ಲೂಜ್‌ನಲ್ಲಿ ಒಂದು ಥರ, ಬಾಬ್‌ನಲ್ಲಿ ಇನ್ನೊಂದು ಥರ.

ಎರಡಕ್ಕೂ ಹಾದಿ ಒಂದೇ: ಕಾಂಕ್ರೀಟ್ ಕಾಲುವೆ, ಅದರೊಳಗೆ ತಂಪು ಹಾಯಿಸುವ ಪೈಪುಗಳು, ಮೇಲೆ ಕೆಲವೇ ಸೆಂಟಿಮೀಟರ್ ಐಸ್. ಆಸ್ಟ್ರಿಯಾದ ಇಗ್ಲ್ಸ್‌ನದು 14 ತಿರುವು, ನಾರ್ವೆಯ ಲಿಲ್ಲೆಹಮ್ಮರ್‌ನದು 16.

ಬಾಬ್‌ನಲ್ಲಿ ಅತಿಥಿ ಎಂದರೆ ಸಾಮಾನು. ಮುಂದೆ ಪೈಲಟ್, ಅವನ ಕೈಯಲ್ಲಿ ಎರಡು ಹಗ್ಗದ ಬಳೆ. ಬ್ರೇಕ್ ಕೊನೆಯವನ ಪಾಲಿಗೆ, ಅದೂ ಗೆರೆ ದಾಟಿದ ಮೇಲೆ. ನಾಲ್ವರ ಬಾಬ್ ಜನರೂ ಸೇರಿ 630 ಕೆ.ಜಿ. ತನಕ ತೂಗಬಹುದು, ಆ ತೂಕವೇ ಅದರ ಓಟ. 22 ಮೀಟರ್ ತ್ರಿಜ್ಯದ ತಿರುವನ್ನು 120ರಲ್ಲಿ ಹೊಕ್ಕರೆ ಮೈಮೇಲೆ ಬೀಳುವ ಒತ್ತಡ ಗುರುತ್ವದ ಐದು ಪಟ್ಟು. ತಲೆ, ಹೆಲ್ಮೆಟ್ ಸೇರಿ ಆರು ಕೆ.ಜಿ. ಇದ್ದದ್ದು ಮೂವತ್ತಾಗುತ್ತದೆ, ಅರ್ಧ ಮೂಟೆ ಕಾಫಿಗಿಂತ ಹೆಚ್ಚು. ಗೋಡೆ ವಾಲಿರುವುದರಿಂದ ಇದು ಪಕ್ಕಕ್ಕೆ ಎಳೆಯದೆ ನೆತ್ತಿಯಿಂದ ಬೆನ್ನುಮೂಳೆಗೆ ಇಳಿಯುತ್ತದೆ. ಕತ್ತು ಸೋತು ಗದ್ದ ಎದೆಗೆ ತಾಗಿತೆಂದರೆ ಮುಂದೆ ಕಾಣುವುದು ಬಾಬ್‌ನ ತಳ ಮಾತ್ರ. ಎಡವೋ ಬಲವೋ ತಿಳಿಯದು.

ಇದಕ್ಕೆ ಮದ್ದು ಎರಡು. ಹೊರಡುವ ಮುನ್ನವೇ ಭುಜಗಳನ್ನು ಕಿವಿಯವರೆಗೆ ಎತ್ತಿ, ಹೆಲ್ಮೆಟ್ಟನ್ನು ಅವುಗಳ ನಡುವೆ ಬಿಗಿ ಹಿಡಿಯಬೇಕು. ತಿರುವುಗಳನ್ನು ಎಣಿಸುತ್ತಾ ಹೋಗಬೇಕು, ಲೆಕ್ಕ ತಪ್ಪದಿದ್ದರೆ ದಿಕ್ಕೂ ತಪ್ಪದು. ಮೊಣಕೈ ಹೊರಚಾಚಿದರೆ ಪಕ್ಕದ ತಗಡಿಗೆ ಬಡಿದು ನೀಲಿಗಟ್ಟುತ್ತದೆ.

ಲೂಜ್‌ನಲ್ಲಿ ಅತಿಥಿಗಳನ್ನು ಹಾದಿಯ ಕೆಳಭಾಗದಿಂದ ಬಿಡುತ್ತಾರೆ, ಹಾಗಾಗಿ ವೇಗ ಬಾಬ್‌ಗಿಂತ ಕಡಿಮೆ. ಆದರೂ ತಲೆ ಹೆಚ್ಚು ತಿರುಗುವುದು ಇಲ್ಲೇ. ಅಂಗಾತ ಮಲಗಿ ಕಾಲು ಮುಂದೆ ಚಾಚಿದರೆ ಕಾಣುವುದು ಹೆಬ್ಬೆರಳು, ಆಚೆ ಒಂದು ತುಂಡು ಆಕಾಶ. ಗೋಡೆಯ ಮೇಲೆ ಅಡ್ಡವಾಗಿ ಓಡುವಾಗಲೂ ಮೈಗೆ ಗೋಡೆಯೇ ನೆಲ. ತಿರುವು ಬಿಟ್ಟು ಸಮತಟ್ಟಿಗೆ ಬಿದ್ದ ಕ್ಷಣ ಎದುರು ದಿಕ್ಕಿಗೆ ಹೊರಳಿದ ಹಾಗೆ ಭಾಸವಾಗುತ್ತದೆ.

ಹೊಸಬರು ಕೆಡುವುದು ಆ ಭಾಸಕ್ಕೆ ಉತ್ತರ ಕೊಡಹೋಗಿ. ಸ್ಲೆಡ್‌ನ, ಅಂದರೆ ಜಾರುಬಂಡಿಯ, ಮುಂದಿನ ಎರಡು ಬಾಗುಗಳನ್ನು (ಮೇಲಕ್ಕೆ ಬಾಗಿದ ತುದಿಗಳನ್ನು) ಮೀನಖಂಡದಿಂದ ಒತ್ತಿ ತಿರುಗಿಸಬೇಕು: ಬಲಗಾಲು, ಜೊತೆಗೆ ಎಡಭುಜ ಒತ್ತಿದರೆ ಎಡಕ್ಕೆ. ಹೆದರಿದವರು ಒತ್ತುವುದು ತಡವಾಗಿ, ಅದೂ ಜೋರಾಗಿ. ಸ್ಲೆಡ್ ಅಡ್ಡ ಜಾರಿ ಒಂದು ಗೋಡೆಗೆ ಬಡಿಯುತ್ತದೆ, ಅಲ್ಲಿಂದ ಎದುರು ಗೋಡೆಗೆ. ಮೊದಲ ಇಳಿತದಲ್ಲಿ ಏನೂ ಮಾಡದಿರುವುದೇ ಸರಿ. ಮೈ ಸಡಿಲ ಬಿಟ್ಟರೆ ತಿರುವೇ ಸ್ಲೆಡ್ಡನ್ನು ನಡೆಸುತ್ತದೆ.

ಒಂದಕ್ಕೇ ದುಡ್ಡಿದ್ದರೆ ಲೂಜ್. ಬಾಬ್‌ನ ಗುದ್ದು ದೊಡ್ಡದು ನಿಜ, ಆದರೆ ಕೈಕಾಲಿಗೆ ಕೆಲಸವಿಲ್ಲದ ಕಡೆ ರೋಮಾಂಚನ ಬೇಗ ಆರುತ್ತದೆ. ಎರಡೂ ಬೇಕಿದ್ದರೆ ಲೂಜ್ ಮೊದಲು. ಬಾಬ್ ಇಳಿದ ಮೇಲೆ ತಲೆ ಭಾರವಾಗಿ, ಸೂಕ್ಷ್ಮವಾಗಿ ಕಾಲು ಒತ್ತುವ ತಾಳ್ಮೆ ಉಳಿಯುವುದಿಲ್ಲ. ಕತ್ತು, ಸೊಂಟದ ತೊಂದರೆ ಇದ್ದವರು ಬಾಬ್ ಮರೆಯಲಿ. ಇಳಿಯುವ ಬೆಳಗ್ಗೆ ಎರಡೇ ಕಡುಬು ಸಾಕು.

1998ರಿಂದ 2018ರವರೆಗೆ ಆರು ಒಲಿಂಪಿಕ್ಸ್ ಆಡಿದ ಮನಾಲಿ ಕಡೆಯ ಶಿವ ಕೇಶವನ್ ಗಾಲಿ ಕಟ್ಟಿದ ಲೂಜ್‌ನಲ್ಲಿ ಹಿಮಾಲಯದ ರಸ್ತೆ ಇಳಿದು ಪಳಗಿದವರು. ಅದನ್ನು ಕೇಳಿ ಮುಳ್ಳಯ್ಯನಗಿರಿಯತ್ತ ಕಣ್ಣು ಹಾಯಿಸುವ ಹುಡುಗರಿಗೆ ಒಂದು ಮಾತು. ಲೂಜ್‌ಗೆ ಬ್ರೇಕ್ ಇಲ್ಲ. ಎದ್ದು ಕೂತು, ಪಾದ ಊರಿ, ಮುಂಬಾಗು ಮೇಲೆತ್ತಿ ನಿಲ್ಲಿಸಬೇಕು, ಅದಕ್ಕೆ ನೆರವಾಗಲೆಂದೇ ಐಸ್ ಹಾದಿಯ ತುದಿಯನ್ನು ಏರು ಮಾಡಿರುತ್ತಾರೆ. ನಮ್ಮ ಗಿರಿ ರಸ್ತೆಯಲ್ಲಿ ಜಲ್ಲಿಯಿದೆ, ಎದುರಿಗೆ ಜೀಪುಗಳಿವೆ, ತುದಿಯಲ್ಲಿ ಏರಿನ ಬದಲು ಕೈಮರದ ಚೆಕ್‌ಪೋಸ್ಟ್ ಇದೆ.